ಧಾರೆಯೆರೆದ ಭೂಮಿಯೂ ಮಕ್ಕಳ ಧರ್ಮವೂ

ತನ್ನ ಸ್ವತ್ವವನ್ನು ಬಿಟ್ಟು ಮತ್ತೊಬ್ಬನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರಕಾರರು ಹೇಳಿದ್ದಾರೆ. ಧಾರೆಯೆರೆದ ಮೇಲೆ ವಸ್ತುವು ತನ್ನದಲ್ಲ. ಗುರುಗಳಾದ ಶುಕ್ರಾಚಾರ್ಯರೇ ತಡೆದರೂ ಬಲಿಚಕ್ರವರ್ತಿಯು ಕೊಟ್ಟ ಮಾತಿಗೆ ತಪ್ಪಲಿಲ್ಲ. ತಾನಿತ್ತುದನ್ನಾಗಲಿ ಪರರಿತ್ತುದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನು ಕನ್ನಡನಾಡಿನ ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಕಾಣಬಹುದು.

ಇಂದು ಧಾರೆಯ ನೀರಿನ ಸ್ಥಾನಕ್ಕೆ ಬರೆಹವು ಬಂದಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಭೂಮಿಯ ದಾನಪತ್ರಕ್ಕೆ ದಾನಿಯ ಸಹಿ, ಇಬ್ಬರು ಸಾಕ್ಷಿಗಳ ರುಜು, ರಿಜಿಸ್ಟರಿ ಇವು ಬೇಕು. ದಾನಿಯು ಜೀವಿಸಿರುವಾಗಲೇ ಪಡೆಯುವವನು ಅದನ್ನು ಸ್ವೀಕರಿಸಬೇಕು. ಉಯಿಲಿನಂತೆ ಅದು ಮರಣದವರೆಗೆ ಕಾಯುವುದಿಲ್ಲ. ಮನಸ್ಸು ತಿರುಗಿದಾಗ ಹರಿದುಹಾಕತಕ್ಕದ್ದೂ ಅಲ್ಲ.

ಅಂಚೆಟ್ಟಿಯ ಕಾಡಂಚಿನ ಹಳ್ಳಿಯೊಂದರಲ್ಲಿ ಮೂರು ಎಕರೆ ರಾಗಿಯ ಹೊಲವುಳ್ಳ ವೃದ್ಧನೊಬ್ಬನಿದ್ದಾನೆಂದು ಭಾವಿಸೋಣ. "ಅಪ್ಪಾ, ಕಡೆಯವರೆಗೂ ನಿನ್ನನ್ನು ನೋಡಿಕೊಳ್ಳುತ್ತೇನೆ" ಎಂಬ ಮಗನ ಮಾತನ್ನು ನಂಬಿ ಹೊಲವನ್ನು ಬರೆದುಕೊಡುತ್ತಾನೆ. ಮನೆಯ ಮಾತು ಕನ್ನಡ, ಪತ್ರದ ಬರೆಹ ತಮಿಳು. ಓದಿಸಿ ಕೇಳದೆಯೇ ಹೆಬ್ಬೆಟ್ಟೊತ್ತುತ್ತಾನೆ. ಪಟ್ಟಾ ಮಗನ ಹೆಸರಿಗಾಗುತ್ತದೆ. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ವೃದ್ಧನ ತಟ್ಟೆಗೆ ಮುದ್ದೆ ಬೀಳುವುದು ತಡವಾಗುತ್ತದೆ. ಕಡೆಗೆ ಬೀಳುವುದೇ ಇಲ್ಲ. ಕೊಟ್ಟುದನ್ನು ಮರಳಿ ಕೇಳಿದರೆ ಪಾಪ ತಟ್ಟೀತೆಂದು ಹೆದರಿ ಆತನು ಗುಡಿಯ ಜಗಲಿಯಲ್ಲಿ ಮೌನವಾಗಿ ಕುಳಿತಿರುತ್ತಾನೆ.

ಇಲ್ಲಿ ಪಾಪವು ಯಾರದು? ಶಾಸನದ ಶಾಪವಿರುವುದು ಅಪಹರಿಸಿದವನಿಗೆ. ಅನ್ನದ ಭಾರವನ್ನು ಒಪ್ಪಿ ಭೂಮಿಯನ್ನು ಪಡೆದು, ಭೂಮಿಯನ್ನುಳಿಸಿಕೊಂಡು ಅನ್ನವನ್ನು ತಪ್ಪಿಸಿದವನೇ ಅಪಹಾರಿ. ರಾಜಶಾಸನವೂ ಇದನ್ನೇ ಹೇಳುತ್ತದೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಕಲಮಿನಂತೆ, ಕಾಯಿದೆಯು ಜಾರಿಗೆ ಬಂದ ಮೇಲೆ 60 ವರ್ಷ ತುಂಬಿದವರು ತಮ್ಮ ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಸ್ವತ್ತು, ಆ ಷರತ್ತು ತಪ್ಪಿದರೆ, ವಂಚನೆಯಿಂದಲೋ ಬಲಾತ್ಕಾರದಿಂದಲೋ ಪಡೆದುದೆಂದು ಎಣಿಸಲ್ಪಡುವುದು. ನ್ಯಾಯಮಂಡಳಿಯು ಅಂತಹ ಪತ್ರವನ್ನು ರದ್ದುಪಡಿಸಬಹುದು. ಆದರೆ ಷರತ್ತು ಇದ್ದಿತೆಂಬುದು ಸಿದ್ಧಪಡಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ಆದುದರಿಂದ ಪೋಷಣೆಯ ಮಾತನ್ನು ಪತ್ರದಲ್ಲಿಯೇ ಬರೆಯಿಸಬೇಕು. ಬರೆದುದನ್ನು ಕನ್ನಡದಲ್ಲಿ ಹೇಳಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟೊತ್ತಬೇಕು. ಇದನ್ನು ಅಪನಂಬಿಕೆಯೆಂದು ತಿಳಿಯಬಾರದು. ನಾಳೆ ಮಗನು ಪಾಪಕ್ಕೆ ಬೀಳದಂತೆ ತಂದೆಯು ಇಂದೇ ಕಟ್ಟುವ ಬದು ಅದು.

ಸಂನ್ಯಾಸಕ್ಕೆ ಹೊರಟ ಯಾಜ್ಞವಲ್ಕ್ಯರು ಮೈತ್ರೇಯಿ ಕಾತ್ಯಾಯನಿಯರಿಗೆ ಆಸ್ತಿಯನ್ನು ಹಂಚಲು ಎಣಿಸಿದರೆಂದು ಬೃಹದಾರಣ್ಯಕವು ಹೇಳುತ್ತದೆ. ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡುವುದು ಧರ್ಮವೇ. ಆದರೆ ಭೂಮಂಡಲದ ಐಶ್ವರ್ಯವೆಲ್ಲ ದೊರೆತರೂ ಅಮೃತತ್ವವು ದೊರೆಯುವುದೇ ಎಂದು ಮೈತ್ರೇಯಿಯು ಕೇಳಿದಳು. ಇಲ್ಲವೆಂದೇ ಮುನಿಯು ನುಡಿದನು. ಹೊಲವನ್ನು ಪಡೆಯುವ ಮಕ್ಕಳು ಆ ಪ್ರಶ್ನೆಯನ್ನು ಮನಸ್ಸಿನಲ್ಲಿಡಲಿ.

ದೇವಾಲಯದ ಜೀರ್ಣೋದ್ಧಾರಕ್ಕೆ ಕಲ್ಲು ಹೊತ್ತ ಕೈಗಳು ಮನೆಯ ಜೀರ್ಣದೇಹಗಳಿಗೂ ಆಸರೆಯಾಗಲಿ. ಕೊಡುವವರಿಗೆ ವಿವೇಕವನ್ನೂ ಪಡೆಯುವವರಿಗೆ ಕೃತಜ್ಞತೆಯನ್ನೂ ಭಗವಂತನು ಅನುಗ್ರಹಿಸಲಿ.