ಆರ್‌ಸಿ ಯಾರ ಹೆಸರಲ್ಲಿದೆ?

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಎರಡು ಎಲೆಕ್ಟ್ರಿಕ್ ಸ್ಕೂಟರ್‌ಗಳ ನಡುವೆ, ಬೂದುಬಣ್ಣದ ಕವರ್ ಹೊದ್ದುಕೊಂಡು ಒಂದು ಯೆಜ್ಡಿ ರೋಡ್‌ಕಿಂಗ್ ನಿಂತಿದೆ. ಕೆಎ-11 ನಂಬರು, ಅಂದರೆ ಮಂಡ್ಯದ್ದು. ಸೆಕ್ಯುರಿಟಿಯವರಿಂದ ಹಿಡಿದು ಎಂಟನೇ ಮಹಡಿಯ ಹುಡುಗರ ತನಕ ಎಲ್ಲರೂ ಕೇಳೋದು ಒಂದೇ, "ಸರ್, ಇದು ನಿಮ್ದಾ?" ಹೌದು ಅಂತೀನಿ. ಅಪ್ಪನ ಗಾಡಿ, ಈಗ ನಂದು. ಕಾಗದದ ಪ್ರಕಾರ ಅದರಲ್ಲಿ ಸುಳ್ಳೇನಿಲ್ಲ. ಆದರೂ ಹಾಗೆ ಹೇಳುವಾಗೆಲ್ಲ ನಾಲಿಗೆ ಸ್ವಲ್ಪ ತಡವರಿಸುತ್ತೆ.

ನಮ್ಮೂರು ಪಾಂಡವಪುರ ತಾಲ್ಲೂಕಿನದು, ಕೆ.ಆರ್. ಪೇಟೆ ರಸ್ತೆ ಕಡೆ. ಅಪ್ಪ ಈ ಗಾಡಿ ತಗೊಂಡದ್ದು 1992ರಲ್ಲಿ. ನಮ್ಮ ಕಡೆಯವರಿಗೆ ಯೆಜ್ಡಿ ಪಕ್ಕದೂರಿನ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಮೇಲೆ ಬೈಕು ಮಾಡತೊಡಗಿ, ಆಮೇಲೆ ಅದನ್ನೇ ಯೆಜ್ಡಿ ಅನ್ನೋ ಹೆಸರಲ್ಲಿ ಮುಂದುವರಿಸಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪನ ಗಾಡಿಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ಅದರ ತವರುಮನೆಗೆ ಬೀಗ ಬಿತ್ತು. ಅಲ್ಲಿಂದಾಚೆಗೆ ಅದನ್ನ ಓಡಿಸಿದ್ದು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಮೆಕ್ಯಾನಿಕ್‌ಗಳು. ಡೈರಿಗೆ ಹಾಲಿನ ಕ್ಯಾನು, ಹಸುವಿಗೆ ಕಬ್ಬಿನ ಸೋಗೆ, ಗದ್ದೆಗೆ ಗೊಬ್ಬರದ ಮೂಟೆ, ವೈರಮುಡಿಗೆ ಮೇಲುಕೋಟೆಗೆ ನಾವು ನಾಲ್ಕು ಜನ. ಎಲ್ಲಾ ಇದರ ಮೇಲೇ.

ಅಪ್ಪ ತೀರಿಕೊಂಡದ್ದು 2016ರ ಶುರುವಿನಲ್ಲಿ. ಫಾರ್ಮ್ 31 ತುಂಬಿ ಗಾಡಿಯನ್ನ ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದೇ ವರ್ಷದ ಕೊನೆಗೆ ಕಂಪನಿಯವರು ಮಿನಿಯಾಪೊಲಿಸ್‌ಗೆ ಆನ್‌ಸೈಟ್ ಕಳಿಸಿದರು. ಅಮ್ಮ ಬೆಂಗಳೂರಿಗೆ ಅಕ್ಕನ ಮನೆಗೆ ಬಂದರು. ಊರ ಮನೆಗೆ ಬೀಗ ಹಾಕುವ ದಿನ ಗಾಡಿ ಕೀ ತಗೊಂಡು ಹೋಗಿ ಮಾವನ ಕೈಲಿ ಇಟ್ಟೆ. ಸಂಬಂಧದಲ್ಲಿ ಮಾವ ಅಲ್ಲ, ಊರಲ್ಲಿ ಕರೆಯೋ ಹಾಗೆ ಮಾವ. ಅಪ್ಪನ ಜೊತೆಯವರು, ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಸುತ್ತಿ ಜೀವನ ಮಾಡೋರು. "ನೀವೇ ಓಡಿಸ್ಕೊಂಡಿರಿ ಮಾವ, ನಿಂತ್ರೆ ಹಾಳಾಗ್ತದೆ" ಅಂದೆ. "ಗಾಡಿ ನಿಂದೇ ಕನಪ್ಪ. ನಾನು ನೋಡ್ಕತಿನಿ ಅಷ್ಟೆ" ಅಂದರು.

ನೋಡಿಕೊಳ್ಳೋದು ಅಂದ್ರೆ ಏನು ಅಂತ ನನಗಾಗ ಗೊತ್ತಿರಲಿಲ್ಲ. ಟು-ಸ್ಟ್ರೋಕ್ ಗಾಡಿ, ಪೆಟ್ರೋಲ್ ಹಾಕಿಸುವಾಗಲೆಲ್ಲ ಲೀಟರಿಗೆ ಸುಮಾರು 40 ಎಂ.ಎಲ್. ಆಯಿಲ್ ಬೆರೆಸಬೇಕು. ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ, ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತೆ. ಮಾವ ಅದಕ್ಕಂತ ಹಳೇ ಟಾನಿಕ್ ಬಾಟಲಿಗೆ ಗೆರೆ ಎಳೆದು ಇಟ್ಟುಕೊಂಡಿದ್ದರು. ಪಾಯಿಂಟ್ ಉಜ್ಜಿ ಗ್ಯಾಪ್ ಸರಿ ಮಾಡಬೇಕು. ಎರಡೂ ಸೈಲೆನ್ಸರ್‌ನಲ್ಲಿ ಕಟ್ಟೋ ಮಸಿಯನ್ನ ಆಗಾಗ ಬಿಚ್ಚಿ ಸುಟ್ಟು ತೆಗೀಬೇಕು. ಕೇಬಲ್ಲು, ಚೈನು, ಕ್ಲಚ್ ಪ್ಲೇಟು ಬೇಕಾದಾಗೆಲ್ಲ ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ತಿರುಗಬೇಕು. ಒಂದು ಸಲ ಬೋರ್ ಮಾಡಿಸಿ ಪಿಸ್ಟನ್ನೇ ಹಾಕಿಸಿದರು. 2017ರಲ್ಲಿ, ಮತ್ತೆ 2022ರಲ್ಲಿ ಆರ್‌ಸಿ ರಿನ್ಯೂವಲ್ ಬಂತು. ಎರಡು ಸಲವೂ ಮಂಡ್ಯ ಆರ್‌ಟಿಒಗೆ ಗಾಡಿ ತಗೊಂಡು ಹೋಗಿ ನಿಂತವರು ಅವರೇ. ಕಾಗದ ನನ್ನ ಹೆಸರಿಂದು, ಫೀಸು ಅವರ ಜೇಬಿಂದು. ದುಡ್ಡು ಕಳಿಸ್ತೀನಿ ಅಂದರೆ, "ಓಡ್ಸೋನು ನಾನು, ನೀನ್ಯಾಕ್ ಕೊಟ್ಟಿಯೆ ಬುಡು" ಅನ್ನೋರು. ನಾನೂ ಬಿಟ್ಟೆ. ಬಿಡೋದು ಸುಲಭ ಇತ್ತು.

ಈ ಮಾತು ಮಿನಿಯಾಪೊಲಿಸ್‌ಗೆ ಹೋಗಲೇಬೇಕು, ಯಾಕಂದ್ರೆ ಯೆಜ್ಡಿ ಬಗ್ಗೆ ನಾನು ಯೋಚಿಸೋಕೆ ಶುರುಮಾಡಿದ್ದೇ ಅಲ್ಲಿ. ಪಕ್ಕದ ಬೀದಿಯಲ್ಲೊಬ್ಬರು ಮುದುಕರು, ರಿಟೈರ್ ಆದವರು, ಅವರ ಹತ್ತಿರ ರಷ್ಯಾದ ಉರಾಲ್ ಬೈಕ್ ಇತ್ತು. ಸೈಡ್‌ಕಾರ್ ಇರೋದು. ನಮ್ಮವರಿಗೆ ಸೈಡ್‌ಕಾರ್ ಅಂದ್ರೆ ಶೋಲೆ ಸಿನಿಮಾದಲ್ಲಿ ಜೈ ಮತ್ತು ವೀರೂ. ಇವರದು ಬೇರೆ ಕಥೆ. ಎರಡನೇ ಮಹಾಯುದ್ಧದ ಹೊತ್ತಿಗೆ ಸೋವಿಯತ್‌ನವರು ಜರ್ಮನಿಯ ಬಿಎಂಡಬ್ಲ್ಯು ಆರ್71 ಮಾದರಿ ನೋಡಿಕೊಂಡು ಎಂ-72 ಅನ್ನೋ ಬೈಕು ಮಾಡಿದರು. 1941ರಲ್ಲಿ ಜರ್ಮನ್ ಸೇನೆ ಮಾಸ್ಕೋ ಕಡೆ ನುಗ್ಗಿದಾಗ ಕಾರ್ಖಾನೆಯನ್ನ ಎತ್ತಿಕೊಂಡು ಹೋಗಿ ಉರಾಲ್ ಬೆಟ್ಟಗಳಾಚೆಯ ಇರ್ಬಿಟ್ ಅನ್ನೋ ಊರಲ್ಲಿ ಕೂರಿಸಿದರು. ಆ ವಂಶದ ಗಾಡಿ ಇದು. ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಎರಡು ಸಿಲಿಂಡರು, ಚೈನ್ ಬದಲು ಶಾಫ್ಟು, ರಿವರ್ಸ್ ಗೇರು, ಹಿಂದೆ ಒಂದು ಸ್ಪೇರ್ ಚಕ್ರ. ಬ್ಯಾಟರಿ ಸತ್ತರೆ ಇರಲಿ ಅಂತ ಕಿಕ್ ಲಿವರು.

ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ನಾನು ಕಾರಿನ ಗಾಜು ಕೆರೆಯುತ್ತಾ ನಿಂತಿರುವಾಗ ಅವರು ಅದರ ಮೇಲೆ ಹಾಲು ಬ್ರೆಡ್ಡು ತರೋಕೆ ಹೋಗೋರು. ಮೂರು ಚಕ್ರ ಇರೋದರಿಂದ ಮಂಜುಗಡ್ಡೆ ಮೇಲೆ ಜಾರಿದರೂ ಬೀಳೋದಿಲ್ಲ. ಅವರ ಗಾಡಿಯಲ್ಲಿ ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ನಿನ ಶಕ್ತಿ ಕೊಡೋ ಲಿವರ್ ಒಂದಿತ್ತು, ಹಿಮದಲ್ಲಿ ಸಿಕ್ಕಿಕೊಂಡಾಗ ಅದನ್ನ ಹಾಕೋರು. ಓಡಿಸೋದಕ್ಕಿಂತ ಸಾಕೋದೇ ಕಷ್ಟ. ಚಳಿಗೆ ಎಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತೆ, ಅದಕ್ಕೆ ಚಳಿಗಾಲಕ್ಕೆ ತೆಳು ಆಯಿಲ್ ಬದಲಿಸಬೇಕು. ರಾತ್ರಿ ಬ್ಯಾಟರಿ ಬಿಚ್ಚಿ ಅಡುಗೆಮನೆಯಲ್ಲಿ ಇಟ್ಟುಕೊಳ್ಳೋರು. ಹಿಮ ಕರಗಲಿ ಅಂತ ರಸ್ತೆಗೆ ಸುರಿಯೋ ಉಪ್ಪು ಸ್ಪೋಕ್‌ಗಳನ್ನ ತಿನ್ನುತ್ತೆ, ಅದನ್ನ ತೊಳೀಬೇಕು. ಅವರ ಮನೆಗೆ ಹೋದಾಗೆಲ್ಲ ಗ್ಯಾರೇಜಿನಲ್ಲಿ ಸ್ಟೂಲ್ ಮೇಲೆ ಕೂತು ವಾಲ್ವ್ ಅಡ್ಜಸ್ಟ್ ಮಾಡುತ್ತಲೋ, ಸ್ಪೋಕ್ ಬಿಗಿ ಮಾಡುತ್ತಲೋ ಇರೋರು.

ಸೈಡ್‌ಕಾರಿನ ಒಳಗೆ ಒಂದು ನೋಟ್‌ಬುಕ್ ಇತ್ತು. ಅವರಿಗಿಂತ ಮುಂಚೆ ಆ ಗಾಡಿ ಇಟ್ಟುಕೊಂಡಿದ್ದ ಇಬ್ಬರೂ ಅದರಲ್ಲಿ ಬರೆದಿದ್ದರು. ಯಾವ ದಿನ ಆಯಿಲ್, ಯಾವ ಮೈಲಿಗೆ ಟೈರು, ಎಲ್ಲಿ ಕೆಟ್ಟು ನಿಂತಿತು. ಮೂರು ಥರದ ಕೈಬರಹ. ಪುಸ್ತಕ ಇಲ್ಲದೆ ಗಾಡಿ ಮಾರಕೂಡದು ಅಂತ ಮೊದಲನೇ ಓನರ್ ಹೇಳಿದ್ದರಂತೆ. ಅದನ್ನ ನೋಡಿದಾಗ ನನಗೆ ಮಾವನ ಕೊಟ್ಟಿಗೆ ಗೋಡೆ ನೆನಪಾಯಿತು. ಅವರೂ ಬರೆಯೋರು, ಇದ್ದಿಲಿನಲ್ಲಿ, ಗೋಡೆ ಮೇಲೆ. ತಾರೀಖು, ಕಿಲೋಮೀಟರು, ಪಕ್ಕದಲ್ಲಿ "ಪಾಯಿಂಟ್" ಅಂತಲೋ "ಚೈನ್" ಅಂತಲೋ ಒಂದು ಮಾತು. ಹಾಗೆ ನೆನಪಾದದ್ದಕ್ಕೆ ನಾನು ಮಾಡಿದ್ದು ಏನು ಗೊತ್ತಾ? ನನಗೂ ಒಂದು ಹಳೇ ಗಾಡಿ ಇದೆಯಲ್ಲ ಅಂತ ಆಸೆಪಟ್ಟೆ. ಮಾವನ ದುಡಿಮೆ ನೋಡಿ ಗೌರವ ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ಗಾಡಿ ಮೇಲಿನ ಆಸೆ.

2023ರ ಕೊನೆಗೆ ವಾಪಸ್ ಬಂದೆ. ಅಷ್ಟು ಹೊತ್ತಿಗೆ ಮಹೀಂದ್ರಾದ ಪಾಲಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ, ಯೆಜ್ಡಿ ಹೆಸರಲ್ಲಿ ಹೊಸ ಬೈಕು ಬಿಟ್ಟು ಹಳೆಯವಕ್ಕೂ ಬೆಲೆ ಬಂದಿತ್ತು. ಆಫೀಸಲ್ಲಿ ನಮ್ಮ ಟೀಮಿನವರು ಇನ್‌ಸ್ಟಾಗ್ರಾಂನಲ್ಲಿ ಹಳೇ ಯೆಜ್ಡಿಗಳ ವಿಡಿಯೋ ತೋರಿಸೋರು. 2024ರ ಯುಗಾದಿಗೆ ಊರಿಗೆ ಹೋಗಿ, "ಮಾವ, ಗಾಡಿ ತಗೊಂಡೋಗ್ತೀನಿ" ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು ಒಳಗೆ ಹೋಗಿ ಕೀ, ಆರ್‌ಸಿ, ಟಾನಿಕ್ ಬಾಟಲಿ ಮೂರನ್ನೂ ತಂದುಕೊಟ್ಟರು. ಟ್ಯಾಂಕ್ ತುಂಬಾ ಪೆಟ್ರೋಲ್ ಇತ್ತು. ಗೋಡೆಯನ್ನ ತರೋಕೆ ಆಗಲಿಲ್ಲ. ಫೋಟೋ ಹೊಡ್ಕೋಬೇಕು ಅಂತಲೂ ಹೊಳೀಲಿಲ್ಲ.

ಬೆಂಗಳೂರಲ್ಲಿ ರಿಸ್ಟೋರ್ ಮಾಡೋ ಕಡೆ ಕೊಟ್ಟು ಬಣ್ಣ, ಕ್ರೋಮ್ ಎಲ್ಲಾ ಮಾಡಿಸಿದೆ. ಹಾಲಿನ ಕ್ಯಾನ್ ಕೂರಲಿ ಅಂತ ಮಾವ ವೆಲ್ಡ್ ಮಾಡಿಸಿದ್ದ ಕಬ್ಬಿಣದ ಕ್ಯಾರಿಯರ್ "ಒರಿಜಿನಲ್ ಅಲ್ಲ" ಅಂತ ಬಿಚ್ಚಿ ಗುಜರಿಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನಂದಿಬೆಟ್ಟಕ್ಕೆ ಒಂದು ಸಲ, ಊರೊಳಗೆ ಎರಡು ಮೂರು ಸಲ ಓಡಿಸಿದ್ದೀನಿ. ಮಾವ ಸೆಕೆಂಡ್ ಹ್ಯಾಂಡ್ ಎಕ್ಸೆಲ್ ತಗೊಂಡರು ಅಂತ ಆಮೇಲೆ ತಿಳೀತು. ಮೋಟಾರ್ ಹಿಂದೆ ಕಟ್ಟಿಕೊಂಡು ನಾಗಮಂಗಲದ ತನಕ ಹೋಗ್ತಿದ್ದವರು ಈಗ ಜಕ್ಕನಹಳ್ಳಿ ದಾಟೋದಿಲ್ಲವಂತೆ.

ಇಲ್ಲಿ ನನ್ನ ತಾತನ ವಿಷಯ ಹೇಳಬೇಕು. ತಾತ ಗೇಣಿದಾರ. ಬೇರೆಯವರ ಗದ್ದೆ ಉಳುತ್ತಿದ್ದವರು. ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಫಾರ್ಮ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತು ನಾಲೆ ಬಯಲಿನ ಒಂದೂವರೆ ಎಕರೆ ಪಡೆದರು. ಉಳುವವನೇ ಹೊಲದೊಡೆಯ. ಆ ಗದ್ದೆಯ ಕಬ್ಬಿನಿಂದಲೇ ನನ್ನ ಬಿಇ ಫೀಸು. ಜಮೀನಿನ ಹಳೇ ಮಾಲೀಕರ ಮನೆಯವರು ಇವತ್ತಿಗೂ ಜಾತ್ರೆಯಲ್ಲಿ ಸಿಕ್ಕರೆ "ನಮ್ಮ ಗದ್ದೆ ಹೆಂಗದೆ?" ಅಂತಾರೆ. ನಾವು ಮನೆಗೆ ಬಂದು ನಗುತ್ತಿದ್ದೆವು. ಕಾಗದ ಇಟ್ಟುಕೊಂಡು ಪಟ್ಟಣದಲ್ಲಿ ಕೂತವರು, ಕೆಸರಿಗೆ ಕಾಲಿಡದವರು, ಅವರದ್ದು ಹೇಗಾಗುತ್ತೆ ಅಂತ. ಈಗ ಅದೇ ಪ್ರಶ್ನೆ ನನ್ನನ್ನ ಕೇಳಿದರೆ?

ಬಚಾವಾಗೋಕೆ ವಾದಗಳಿವೆ, ಎಲ್ಲಾ ಹುಡುಕಿದ್ದೀನಿ. ಜಾನ್ ಲಾಕ್ ಅನ್ನೋ ಹದಿನೇಳನೇ ಶತಮಾನದ ಇಂಗ್ಲಿಷ್ ಚಿಂತಕ, ಒಂದು ವಸ್ತುವಿಗೆ ನಿನ್ನ ದುಡಿಮೆ ಬೆರೆಸಿದರೆ ಅದು ನಿನ್ನದಾಗುತ್ತೆ ಅಂದ. ಆದರೆ ಅವನು ಹೇಳಿದ್ದು ಯಾರದ್ದೂ ಅಲ್ಲದ ವಸ್ತುವಿನ ಬಗ್ಗೆ. ನನ್ನ ಗಾಡಿಗೆ ಓನರ್ ಇದ್ದ. ಎರಡನೇದು, ಗದ್ದೆ ಹೊಟ್ಟೆಪಾಡು, ಗಾಡಿ ನೆನಪು. ಈ ವಾದ ನನಗೆ ತುಂಬಾ ಇಷ್ಟ ಇತ್ತು, ಮಾವ ಜಕ್ಕನಹಳ್ಳಿ ದಾಟೋದಿಲ್ಲ ಅಂತ ತಿಳಿಯೋ ತನಕ. ಮೂರನೇದು, ಅವರೇ "ಗಾಡಿ ನಿಂದೇ" ಅಂದಿದ್ದಾರೆ. ಅಂದಿದ್ದಾರೆ ನಿಜ. ಆದರೆ ನಮ್ಮೂರಿನ ದೊಡ್ಡವರು ಎಷ್ಟೋ ಮಾತು ಎದುರಿಗಿರೋನಿಗೆ ನಾಚಿಕೆ ಆಗದಿರಲಿ ಅಂತ ಆಡುತ್ತಾರೆ. ಆ ಮಾತನ್ನ ರಸೀದಿ ಥರ ಜೇಬಲ್ಲಿಟ್ಟುಕೊಳ್ಳೋದು ನಮ್ಮಂಥವರು.

ಪಹಣಿಯಲ್ಲಿ 9ನೇ ಕಾಲಂ ಮಾಲೀಕನದು, 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಬರೀಬೇಕು. ಉಳೋನ ಹೆಸರಿಗೂ ಅಲ್ಲೊಂದು ಜಾಗ ಇದೆ, ತಾತನಂಥವರಿಗೆ ಅದರ ಬೆಲೆ ಗೊತ್ತಿತ್ತು. ಆರ್‌ಸಿಯಲ್ಲಿ ಅಂಥ ಕಾಲಂ ಇಲ್ಲ. ಇದ್ದಿದ್ದರೆ ಏಳು ವರ್ಷಕ್ಕೂ ಮೀರಿ ಒಂದೇ ಹೆಸರು ಬರುತ್ತಿತ್ತು, ಅದು ನನ್ನದಲ್ಲ.

ಹೋದ ವರ್ಷ ಆಯುಧಪೂಜೆ ದಿನ ಮಾವ ಫೋನ್ ಮಾಡಿದರು. "ಪೂಜೆ ಮಾಡ್ದಾ ಗಾಡಿಗೆ?"

"ಹ್ಞೂ ಮಾವ, ಮಾಡ್ದೆ."

"ಒಂದ್ ಕಿತ ಸ್ಟಾರ್ಟ್ ಮಾಡಿ ಫೋನ್ ಅದರತ್ರ ಹಿಡಿ. ಶಬ್ದ ಕೇಳಿ ಬೋ ದಿನ ಆಯ್ತು."

ಬೇಸ್‌ಮೆಂಟಿಗೆ ಇಳಿದೆ. ಗೇರ್ ಲಿವರ್ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್, ಯೆಜ್ಡಿಯ ಚಮತ್ಕಾರ ಅದು. ಹದಿನೈದಿಪ್ಪತ್ತು ಸಲ ಒದ್ದೆ. ಬರೀ ಉಸಿರು. ಅವರು ಆ ಕಡೆ ಅಷ್ಟೂ ಕೇಳಿಸಿಕೊಳ್ಳುತ್ತಿದ್ದರು.

"ನಿಲ್ಸಿ ಎಷ್ಟ್ ದಿನ ಆಯ್ತು?"

"ಆರ್ ತಿಂಗ್ಳು."

"ಪೆಟ್ರೋಲ್ ಟ್ಯಾಂಕಲ್ಲೇ ಬುಟ್ಟಿದ್ಯಾ? ಈಗಿನ್ ಪೆಟ್ರೋಲ್ಗೆ ನಮ್ ಕಬ್ಬಿನ್ ಎಣ್ಣೆನೇ ಬೆರ್ಸವ್ರೆ ಕನಪ್ಪ. ಗಾಳಿಲಿರೋ ನೀರೆಲ್ಲ ಎಳ್ಕತದೆ. ಹಳೇ ರಬ್ಬರ್ ತಡಿಯಕಿಲ್ಲ. ಕಾರ್ಬೊರೇಟ್ರು ಬಿಚ್ಬೇಕು."

ಬೈದಿದ್ದರೆ ಚೆನ್ನಾಗಿರ್ತಿತ್ತು. ನಾನು ಏನೋ ಹೇಳೋಕೆ ಹೋದೆ. ಗಾಡಿ ನೀವೇ ಇಟ್ಕೊಳ್ಳಿ ಮಾವ ಅನ್ನೋದು ಗಂಟಲ ತನಕ ಬಂದಿತ್ತು. ಫಾರ್ಮ್ 29, 30 ಎರಡನ್ನೂ ಅದಕ್ಕೆ ಎರಡು ತಿಂಗಳ ಹಿಂದೆಯೇ ಆಫೀಸ್ ಪ್ರಿಂಟರಿನಲ್ಲಿ ತೆಗೆದು ಇಟ್ಟುಕೊಂಡಿದ್ದೆ, ಬ್ಯಾಗಿನಲ್ಲೇ ಇತ್ತು. ಆದರೆ ಕೆಟ್ಟು ನಿಂತ ಗಾಡಿಯನ್ನ ಕೊಡ್ತೀನಿ ಅಂದರೆ ಅದು ಕೊಟ್ಟ ಹಾಗೋ, ತಳ್ಳಿದ ಹಾಗೋ?

ಅಷ್ಟರಲ್ಲಿ ಅವರೇ ಅಂದರು, "ಭಾನುವಾರ ನಾನೇ ಬತ್ತಿನಿ ಬುಡು. ಸ್ಪಾನರೆಲ್ಲ ತತ್ತಿನಿ, ನೀನೇನೂ ತಕಬ್ಯಾಡ. ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಇಳ್ಕಂಡ್ರೆ ನಿಮ್ಮನೆಗೆ ಯಾವ್ ಬಸ್ ಹತ್ತಬೇಕು, ಹೇಳು."