ಕಾಣಿಕೆ ಅಲ್ಲೇ ಬಿಟ್ಟು ಹೋಗು

ಮತ್ತಾಯ 5ನೇ ಅಧ್ಯಾಯ, 23 ಮತ್ತು 24ನೇ ವಚನ ತೆಗೀರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಕಡೆ ಹೋಗಬ್ಯಾಡ್ರಿ.

ಓದಿದ್ರಲ್ಲ? ಒಂದು ಮಾತು ಗಮನಿಸಿರಿ. ನಿನಗೆ ಸಹೋದರನ ಮೇಲೆ ಸಿಟ್ಟಿದ್ದರೆ ಹೋಗು ಅಂತ ಯೇಸು ಇಲ್ಲಿ ಹೇಳಲಿಲ್ಲ. ಅವನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಹೋಗು ಅಂದನು. ನಾವು ಉಲ್ಟಾ ಓದ್ತೀವಿ. "ಪಾಸ್ಟರ್, ತಪ್ಪು ಅವನದು, ಅವನೇ ಬರಲಿ" ಅಂತೀವಿ.

ಇನ್ನೊಂದು. ಬೆಟ್ಟದ ಪ್ರಸಂಗ ನಡೆದದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡೆದು ಹೋದರೆ ಮೂರು ನಾಲ್ಕು ದಿನದ ದಾರಿ. ಕಾಣಿಕೆ ಅಲ್ಲೇ ಬಿಟ್ಟು, ಊರಿಗೆ ಹೋಗಿ, ರಾಜಿಯಾಗಿ, ತಿರುಗಿ ಬರಬೇಕಂದ್ರೆ ಒಂದು ವಾರ! ನಮಗೆ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗೋದೇ ದೂರ.

ನನಗೂ ದೂರ ಅನಿಸಿತ್ತು, ಪ್ರಿಯರೇ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ನೆಲ್ಲು ತೆನೆ ಕಟ್ಟೋ ಹೊತ್ತಿಗೆ ನೀರು ತಪ್ಪಿದರೆ ಏನಾಗ್ತದೆ ಅಂತ ಕೊನೆ ಭಾಗದವರಿಗೆ ಹೇಳಬೇಕಾಗಿಲ್ಲ. ಒಂದು ವರ್ಷ ನಮ್ಮ ಪಾಳಿಯ ರಾತ್ರಿ, ಮೇಲಿನ ಹೊಲದ ದೊಡ್ಡಪ್ಪನ ಮಗ ನೀರು ತನ್ನ ಕಡೆ ತಿರುಗಿಸಿಕೊಂಡ. ನಮ್ಮದು ಜೊಳ್ಳಾಯ್ತು. ನಾನು ಊರ ಮಂದಿ ಮುಂದೆ, ಅವನ ಮಕ್ಕಳ ಎದುರಿಗೇ, ಅವನನ್ನ ಕಳ್ಳ ಅಂದೆ. ಆಮೇಲೆ ನಂಬರ್ ಬ್ಲಾಕ್ ಮಾಡಿದೆ. ಅವನು ಹೊಲ ಲಾವಣಿಗೆ ಕೊಟ್ಟು ಲಿಂಗಸುಗೂರು ಸೇರಿದ.

ನಾಲ್ಕು ವರ್ಷ. ಆ ನಾಲ್ಕು ವರ್ಷವೂ ನಾನು ಇಲ್ಲೇ ನಿಂತು ವಾಕ್ಯ ಹೇಳಿದೆ, ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ. ಈ ವಚನ ಬಂದಾಗ ಮಾತ್ರ ಬೇಗ ಬೇಗ ಓದಿ ಮುಂದಕ್ಕೆ ಹೋಗ್ತಿದ್ದೆ.

ಕಡೆಗೂ ಹೋದೆ. ಅಣ್ಣ ಬಾಗಿಲಲ್ಲೇ ನಿಂತ. "ನೀರಿಂದು ಮಾತಾಡಾಕ ಬಂದಿಯೇನು?"

"ಇಲ್ಲಣ್ಣ. ಕಳ್ಳ ಅಂದಿದ್ದೆನಲ್ಲ, ಅದಕ್ಕ ಬಂದೀನಿ."

ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಅತ್ತಿಗೆ ಚಾ ಇಟ್ಟರು. ನೀರಿನ ವಿಷಯಕ್ಕೆ ಅವನು ಇವತ್ತಿನವರೆಗೂ ಕ್ಷಮೆ ಕೇಳಿಲ್ಲ, ನಿಜ ಹೇಳ್ತೀನಿ. ಆದರೆ ನನ್ನ ಪಾಲಿನ ಮಾತು ನಾನು ಹೇಳಿ ಮುಗಿಸಿದ್ದೆ. ಬರುವಾಗ ಮಸ್ಕಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವನ ನಂಬರ್ ಅನ್‌ಬ್ಲಾಕ್ ಮಾಡಿದೆ.

ಒಂದು ಎಚ್ಚರಿಕೆ: ಮನೆಯಲ್ಲಿ ಹೊಡೆತ ತಿನ್ನೋ ತಂಗಿಯರಿಗೆ "ನೀನೇ ಮತ್ತೆ ಹೋಗಮ್ಮ" ಅಂತ ನಾನು ಹೇಳ್ತಿಲ್ಲ. ನೀವು ಒಬ್ಬರೇ ಹೋಗಬೇಡಿ, ಮೊದಲು ನಮ್ಮ ಹತ್ರ ಬಂದು ಮಾತಾಡಿ.

ಉಳಿದವರೇ, ಬ್ಲಾಕ್ ಲಿಸ್ಟ್ ತೆಗೀರಿ. ಕಾಣಿಕೆ ಚೀಲ ಹಿಡಿದಿರೋ ತಮ್ಮಂದಿರೇ, ಇನ್ನೂ ತರಬ್ಯಾಡ್ರಿ. ಹತ್ತು ನಿಮಿಷ ಕಾಯೋಣ. ಫೋನ್ ಮಾಡೋರು ಹೊರಗೆ ಹೋಗಿ ಬರ್ರಿ.