ಟಿಕೆಟ್ ಕೊಂಡವನ ಹಕ್ಕು ಎಷ್ಟು?

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿತು. ನಾನಾಗ ಅರಸೀಕೆರೆಯಲ್ಲಿ ಹೈಸ್ಕೂಲು ಹುಡುಗ. ದೊಡ್ಡಪ್ಪನ ಮಗ ಕಪ್ಪು ಟೀ ಶರ್ಟು ತೊಟ್ಟು ಜಂಕ್ಷನ್ನಿನಲ್ಲಿ ರೈಲು ಹತ್ತಿದ. ಮಾರನೆಯ ದಿನ ಗಂಟಲು ಕಟ್ಟಿಕೊಂಡು ಬಂದವನನ್ನು ಹೇಗಿತ್ತು ಎಂದು ಕೇಳಿದರೆ, 'ಹೇಳಿದ್ರೆ ಗೊತ್ತಾಗಲ್ಲ ಕಣೋ, ಎದೆ ಒಳಗೇ ಡ್ರಮ್ ಬಾರಿಸಿದಂಗಾಯ್ತು' ಎಂದಷ್ಟೇ ಹೇಳಿದ. ಆ ಮಾತಿನಿಂದಲೇ ನನಗೆ ರಾಕ್ ಸಂಗೀತದ ಹುಚ್ಚು ಹಿಡಿಯಿತು.

ಅದಕ್ಕೆ ಎರಡು ದಿನ ಮೊದಲು ದಿಲ್ಲಿ ಪಕ್ಕದ ಗುರುಗ್ರಾಮದಲ್ಲಿ ಇದೇ ತಂಡದ ಕಾರ್ಯಕ್ರಮ ನಡೆಯಬೇಕಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ವೇದಿಕೆಯ ಮುಂದಿನ ತಡೆಬೇಲಿ ಸುರಕ್ಷಿತವಲ್ಲ ಎಂಬ ಕಾರಣಕ್ಕೆ ಅದು ಮೊದಲು ಮುಂದಕ್ಕೆ ಹೋಯಿತು, ಕೊನೆಗೆ ರದ್ದೇ ಆಯಿತು. ನೆರೆದಿದ್ದವರಲ್ಲಿ ಕೆಲವರು ವೇದಿಕೆಗೆ ನುಗ್ಗಿ ಸಾಮಾನುಗಳನ್ನು ಒಡೆದರು. ಅವರ ಸಿಟ್ಟಿಗೆ ಕಾರಣವೇ ಇರಲಿಲ್ಲ ಎನ್ನಲಾರೆ. ದೂರದೂರದಿಂದ ಬಂದವರು, ದುಡ್ಡು ತೆತ್ತವರು. ಕೊಟ್ಟ ದುಡ್ಡನ್ನು ಕೇಳುವುದು ನ್ಯಾಯವೇ. ಆದರೆ ಸ್ಪೀಕರು ಒಡೆಯುವ ಕೈ ದುಡ್ಡಿಗಿಂತ ದೊಡ್ಡದೇನನ್ನೋ ಕೇಳುತ್ತಿತ್ತು. ಆ ತಂಡದ ಹಾಡುಗಳನ್ನು ಬಾಯಿಪಾಠ ಮಾಡಿದವರೇ ಹೀಗೆ ಮಾಡಿದರಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಮೆಚ್ಚುಗೆ ಹಕ್ಕಾಗಿ ತಿರುಗುವುದು ಯಾವಾಗ? ಟಿಕೆಟ್ ಕೊಂಡವನಿಗೆ ಕಲಾವಿದನ ಮೇಲೆ ಇರುವ ಹಕ್ಕು ಎಷ್ಟು?

ಈ ಪ್ರಶ್ನೆಗೆ ವೇದಿಕೆಯ ಮೇಲಿನಿಂದಲೂ ಒಂದು ಮುಖವಿದೆ. 1977ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಕ್ರೀಡಾಂಗಣದಲ್ಲಿ ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್, ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ಉಗಿದ. ಆಮೇಲೆ ತನ್ನ ವರ್ತನೆಗೆ ತಾನೇ ಹೇಸಿದ. ತನಗೂ ಕೇಳುಗರಿಗೂ ನಡುವೆ ಗೋಡೆಯೊಂದು ಎದ್ದಿದೆ ಅನ್ನಿಸಿ, ಆ ಯೋಚನೆಯೇ ಬೆಳೆದು 1979ರ 'ದಿ ವಾಲ್' ಆಯಿತು. ಅದೇ ವಾಟರ್ಸ್ 2002ರಲ್ಲಿ ಬೆಂಗಳೂರಿಗೂ ಬಂದು ಹಾಡಿದ್ದ. ಗುರುಗ್ರಾಮದಲ್ಲಿ ಒಡೆದ ಕೈಗೂ ಮಾಂಟ್ರಿಯಲ್‌ನಲ್ಲಿ ಉಗಿದ ಬಾಯಿಗೂ ನಡುವೆ ನಿಂತಿರುವುದು ಒಂದೇ ಗೋಡೆ ಎಂದು ನನಗೆ ತೋರುತ್ತದೆ. ಎತ್ತರದ ವೇದಿಕೆ, ಕಣ್ಣು ಕೋರೈಸುವ ಬೆಳಕು, ಸಾವಿರಾರು ಜನರ ಕೂಗು. ಆ ದೂರದಲ್ಲಿ ನಿಂತು ನೋಡಿದರೆ ನುಡಿಸುವವನು ಒಂದೋ ದೇವರಾಗುತ್ತಾನೆ, ಇಲ್ಲವೇ ದುಡ್ಡು ಕೊಟ್ಟು ಕರೆಸಿದ ಆಳಾಗುತ್ತಾನೆ. ಎರಡರಲ್ಲೂ ಅವನು ಮನುಷ್ಯನಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಗಿಟಾರ್ ಕ್ಲಿನಿಕ್ ಒಂದಕ್ಕೆ ಹೋದೆ. ಹೆಸರು ಕೇಳಿ ಆಸ್ಪತ್ರೆ ಎಂದುಕೊಳ್ಳಬೇಡಿ. ಅನುಭವಿ ವಾದಕನೊಬ್ಬ ಸಣ್ಣ ಕೋಣೆಯಲ್ಲಿ ಕುಳಿತು ನುಡಿಸುತ್ತಾನೆ, ನುಡಿಸಿದ್ದನ್ನು ಬಿಡಿಸಿ ತೋರಿಸುತ್ತಾನೆ, ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಅಂದು ಇದ್ದದ್ದು ಮೂವತ್ತು ನಲವತ್ತು ಕುರ್ಚಿ. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರವನ್ನು ಏರಿಸುವುದನ್ನು ಗಿಟಾರಿನವರು ಬೆಂಡ್ ಎನ್ನುತ್ತಾರೆ. ನಮ್ಮ ಗಮಕದ ದೂರದ ನೆಂಟ ಅದು. ತಳ್ಳಿದ್ದು ಕೂದಲೆಳೆಯಷ್ಟು ಕಡಿಮೆಯಾದರೂ ಸ್ವರ ಅಪಸ್ವರ. ಆ ವಾದಕ ಮೆಟ್ರೊನೋಮಿನ ನಿಧಾನ ಲಯಕ್ಕೆ ಅದೊಂದನ್ನೇ ಹತ್ತಾರು ಸಲ ನುಡಿಸಿದ. ಒಮ್ಮೆ ತಪ್ಪಿದ. ನಕ್ಕು, ಮತ್ತೆ ಮೊದಲಿನಿಂದ ಶುರು ಮಾಡಿದ. ಹತ್ತಿರದಿಂದ ಅವನ ಎಡಗೈ ಬೆರಳ ತುದಿ ಕಂಡಿತು. ಗುದ್ದಲಿ ಹಿಡಿದ ಅಂಗೈಯ ಹಾಗೆ ಜಡ್ಡುಗಟ್ಟಿತ್ತು.

ಒಳಗುಟ್ಟು ತಿಳಿದರೆ ಬೆರಗು ಇಂಗುವುದಿಲ್ಲವೇ ಎಂದು ಕೇಳಬಹುದು. ನಮ್ಮ ಪಕ್ಕದ ಹಳೇಬೀಡಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಇಲ್ಲಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಕ್ರಮೇಣ ಗಟ್ಟಿಯಾಗುತ್ತದೆ ಎಂದು ಗೈಡ್ ಹೇಳಿದ ಕೂಡಲೇ ಪ್ರವಾಸಿಯೊಬ್ಬರು, 'ಓ, ಹಾಗಾದ್ರೆ ಕೆತ್ತೋದು ಸುಲಭ ಬಿಡಿ' ಎಂದರು. ತಿಳಿದದ್ದು ಅವರ ಬೆರಗನ್ನು ಕಸಿದುಕೊಂಡಿತು. ಆದರೆ ಅವರಿಗೆ ತಿಳಿದದ್ದು ಕಲ್ಲಿನ ಗುಣ ಮಾತ್ರ, ಕೈಯ ಕಷ್ಟವಲ್ಲ. ಮೆದು ಕಲ್ಲಿನಲ್ಲಿ ಉಳಿ ಒಂದು ನೂಲು ಹೆಚ್ಚು ಇಳಿದರೂ ಸರದ ಮಣಿ ಹಾರಿಹೋಗುತ್ತದೆ. ಮಾಹಿತಿ ಬೆರಗನ್ನು ಕೊಲ್ಲಬಹುದು, ಶ್ರಮದ ಅರಿವು ಕೊಲ್ಲಲಾರದು. ಅದು ಬೆರಗನ್ನು ಗೌರವವಾಗಿಸುತ್ತದೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಸಹೃದಯ ಎಂಬ ಮಾತಿದೆ. ಅದನ್ನು ನಾವು 'ಒಳ್ಳೆಯ ಮನಸ್ಸಿನವನು' ಎಂದು ಸಡಿಲವಾಗಿ ಬಳಸುತ್ತೇವೆ. ಅಭಿನವಗುಪ್ತನ ಪ್ರಕಾರ ಸಹೃದಯತೆ ಸುಮ್ಮನೆ ಬರುವುದಲ್ಲ. ಕಾವ್ಯವನ್ನು ಮತ್ತೆ ಮತ್ತೆ ಓದಿ, ಅಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ತಿಳಿಯಾಗಿಸಿಕೊಂಡವನೇ ಸಹೃದಯ. ಅಂದರೆ ಅಭ್ಯಾಸದ ಹೊರೆ ಕಲಾವಿದನೊಬ್ಬನದೇ ಅಲ್ಲ, ಕೇಳುವವನಿಗೂ ಅದರಲ್ಲಿ ಪಾಲಿದೆ. ಟಿಕೆಟ್ಟಿನ ಬೆಲೆಯಲ್ಲಿ ಈ ಪಾಲು ಸೇರಿಲ್ಲ.

ಇದು ಪಂಡಿತರ ಮಾತಷ್ಟೇ ಅಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಪಾತ್ರಧಾರಿಗಳು ತಾವೇ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಅದೆಲ್ಲ ಊರಿನ ಕಿವಿಗೆ ಬೀಳುವಂತೆಯೇ ನಡೆಯುತ್ತದೆ. ದುರ್ಯೋಧನನಿಗೆ ಯಾವ ಹಾಡಿನಲ್ಲಿ ಶ್ರುತಿ ತಪ್ಪುತ್ತದೆ, ಕೃಷ್ಣ ಯಾವ ಕಂದಪದ್ಯಕ್ಕೆ ಹೆದರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ನಾಟಕದ ರಾತ್ರಿ ಅದೇ ಹಾಡು ದಡ ಸೇರಿದಾಗ ಏಳುವ 'ಒನ್ಸ್ ಮೋರ್' ಕೂಗಿನಲ್ಲಿ ಅಪ್ಪಣೆಯಿಲ್ಲ, ನೆಮ್ಮದಿಯಿದೆ. ಅಲ್ಲಿ ಕ್ಲಿನಿಕ್ ಮತ್ತು ಕಾನ್ಸರ್ಟ್ ಬೇರೆ ಬೇರೆ ಅಲ್ಲ, ಹಾಗಾಗಿ ಗೋಡೆಯೂ ಇಲ್ಲ.

ಸಾವಿರಾರು ಜನ ಸೇರುವ ಮೈದಾನವನ್ನು ಊರಿನ ತಾಲೀಮಿನ ಮನೆ ಮಾಡಲಾಗದು, ನಿಜ. ಮಾಡಬೇಕಾಗಿಯೂ ಇಲ್ಲ. ಜನಜಂಗುಳಿಯಲ್ಲಿ ನನ್ನ ಹೆಸರು, ಊರು, ಮುಗಿಯದ ಪ್ರಬಂಧ ಎಲ್ಲವನ್ನೂ ಎರಡು ಗಂಟೆ ಮರೆಯುವ ಸುಖ ಬೇರೆಯದೇ. ಅದಕ್ಕಾಗಿ ಈಗಲೂ ಹೋಗುತ್ತೇನೆ. ಆದರೆ ಟಿಕೆಟ್ಟು ನನಗೆ ನಿಲ್ಲಲು ಜಾಗ ಕೊಡುತ್ತದೆ, ನುಡಿಸುವವನನ್ನು ನನ್ನ ವಶಕ್ಕೆ ಕೊಡುವುದಿಲ್ಲ ಎಂಬುದು ಆ ಸಣ್ಣ ಕೋಣೆಗೆ ಹೋಗಿ ಬಂದ ಮೇಲೆ ಮರೆತಿಲ್ಲ.

ಅಣ್ಣ ಈಗ ಊರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ನಾನು ಸೆಕೆಂಡ್ ಹ್ಯಾಂಡ್ ಗಿಟಾರು ಕೊಂಡು, ವರ್ಷವಾದರೂ ಒಂದು ಬೆಂಡ್ ಸರಿಯಾಗಿ ನುಡಿಸಲಾರದ್ದನ್ನು ಕಂಡು ಮೊನ್ನೆ ಕೇಳಿದ, 'ನಿಂಗೆ ಬರಲ್ಲ ಅಂತ ಗೊತ್ತಾದ್ಮೇಲೂ ಯಾಕೋ ಕೈ ನೋಯಿಸ್ಕೋತೀಯ?'

'ಕೇಳೋದಕ್ಕೆ ಕಣಣ್ಣ' ಎಂದೆ.